ದರ್ಜಿ ವೀಸಾದ ಪೈಲಟ್ ಮೇಡಂ

ಪೈಲಟ್ ಆಗಬೇಕು ಅಂತ ಹೊರಟ ಹುಡುಗಿಯರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುವುದುಂಟು. ಉಡುಪಿಯ ನಮ್ಮ ಫ್ಲ್ಯಾಟಿನ ಸೋಫಾದ ತುದಿಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, ಕಡೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. “ಆಂಟಿ, ಮೇಲೆ ಹೋದಾಗ ಹೆದರಿಕೆ ಆಗ್ಲಿಲ್ವಾ?”

ಮೇಲೆ ಎಂತದ್ದು ಹೆದರಿಕೆ? ಅಲ್ಲಿ ಮ್ಯಾನೇಜರುಗಳು ಇರುವುದಿಲ್ಲ. ನಾನು ಹೆದರಿದ್ದೆಲ್ಲ ನೆಲದ ಮೇಲೆ, ಎ.ಸಿ. ಹಾಕಿದ ಕೋಣೆಗಳಲ್ಲಿ. ಆ ಕೋಣೆಗಳ ಬಗ್ಗೆ ಯಾವ ತರಬೇತಿ ಶಾಲೆಯಲ್ಲೂ ಹೇಳಿಕೊಡುವುದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಪದಕಗಳ ವಿವರ ಬೇಕಾದವರು ನಮ್ಮ ಹಾಲಿನ ಗೋಡೆ ನೋಡಿಕೊಳ್ಳಬಹುದು. ನಮ್ಮವರು ಎಲ್ಲದಕ್ಕೂ ಫ್ರೇಮ್ ಹಾಕಿಸಿ ತೂಗುಹಾಕಿದ್ದಾರೆ. ಧೂಳು ಹೊಡೆಯುವ ಕೆಲಸ ಮಾತ್ರ ನನ್ನದು.

ನನ್ನ ಹೆಸರು ವತ್ಸಲಾ. ಊರು ಕುಂದಾಪುರ. ಸೌದಿಗೆ ಹೋಗುವ ಮೊದಲು ನಮ್ಮ ದೇಶದ ಸೇನೆಯಲ್ಲಿ ಸಾಗಣೆ ವಿಮಾನ ಹಾರಿಸುತ್ತಿದ್ದೆ. ಹೆಂಗಸರನ್ನು ಆ ಕೆಲಸಕ್ಕೆ ತೆಗೆದುಕೊಳ್ಳಲು ಶುರುಮಾಡಿದ ಆರಂಭದ ದಿನಗಳು. ನಾನಿರುವಾಗಲೇ ಉತ್ತರದ ಗಡಿಯಲ್ಲಿ ಯುದ್ಧ ಬಂತು. ನಮ್ಮ ಮೇಲಧಿಕಾರಿಯೊಬ್ಬರು ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಮಗಳ ಮದುವೆಯಲ್ಲಿ ಬೀಗರನ್ನು ಸಮಾಧಾನ ಮಾಡುವ ದನಿಯಲ್ಲಿ, “ನೀವು ಯುದ್ಧದ ಹತ್ತಿರ ಹೋಗುವ ಅಗತ್ಯವೇ ಇಲ್ಲ. ನಿಮ್ಮದು ಹಿಂದಿನ ಸಾಲು. ಅಲ್ಲಿ ಅಪಾಯ ಇಲ್ಲ” ಅಂದರು.

ಅಪಾಯ ಇಲ್ಲದ ಆ ಹಿಂದಿನ ಸಾಲಿನಲ್ಲಿ ನಾವು ಮೋಡ ಮುಸುಕಿದ ಬೆಟ್ಟಗಳ ನಡುವೆ ನುಸುಳಿ ಟೊಮೆಟೊ, ಬೂಟು, ಸೀಮೆಎಣ್ಣೆ, ಮದ್ದುಗುಂಡು ಎಲ್ಲ ಮುಟ್ಟಿಸಿದೆವು. ಬರುವಾಗ ನನ್ನ ತಮ್ಮನ ವಯಸ್ಸಿನ ಹುಡುಗರ ಹೆಣದ ಪೆಟ್ಟಿಗೆಗಳನ್ನು ತಂದೆವು. ಒಂದು ಮಧ್ಯಾಹ್ನ ಎರಡು ಬೆಟ್ಟಗಳ ನಡುವೆ ನನ್ನ ಎಡಗಡೆಯ ಎಂಜಿನ್ ನಿಂತುಹೋಯಿತು. ತಾನು ಅಪಾಯವಿಲ್ಲದ ಕಡೆ ಇದ್ದೇನೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಉಳಿದ ಒಂದರಲ್ಲಿ ಹೇಗೋ ಇಳಿಸಿ ಹೊರಗೆ ಬಂದರೆ ಅದೇ ಮೇಲಧಿಕಾರಿ ಓಡಿಬಂದರು. “ಟೊಮೆಟೊ ಜಜ್ಜಿಹೋಗಲಿಲ್ಲ ತಾನೇ?”

ಸೇವೆಯ ಅವಧಿ ಮುಗಿದ ಮೇಲೆ ಸೌದಿಗೆ ಬಂದೆ. ನಮ್ಮವರು ಅಲ್ ಅಹ್ಸಾದಲ್ಲಿ ಪೈಪು ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಅಲ್ಲಿಯ ಖರ್ಜೂರದ ತೋಟಗಳು ಮುಗಿದು ಮರಳು ಶುರುವಾಗುವ ಕಡೆ ಒಂದು ಗುತ್ತಿಗೆ ಕಂಪನಿಯ ದೊಡ್ಡ ಹ್ಯಾಂಗರು ಇತ್ತು. ಸೌದಿ ಸೇನೆಯ ಸಣ್ಣ ಸಾಗಣೆ ವಿಮಾನಗಳನ್ನು ಅಲ್ಲಿ ರಿಪೇರಿ ಮಾಡುವುದು, ಆಮೇಲೆ ಅವನ್ನು ಹಾರಿಸಿಕೊಂಡು ಹೋಗಿ ಆಯಾ ನೆಲೆಗೆ ಒಪ್ಪಿಸುವುದು ಕಂಪನಿಯ ಕೆಲಸ. ಪೈಲಟ್‌ಗಳಿಗೆ ಪಾಠ ಹೇಳಲು ಅವರಿಗೆ ಅನುಭವಸ್ಥರು ಬೇಕಾಗಿದ್ದರು. ನನ್ನನ್ನು ಕೂಡಲೇ ತೆಗೆದುಕೊಂಡರು. ಸಮಸ್ಯೆ ಇದ್ದದ್ದು ಇಕಾಮಾದಲ್ಲಿ. ಅದು ಅಲ್ಲಿ ವಾಸಕ್ಕೆ ಬೇಕಾದ ಗುರುತಿನ ಚೀಟಿ. ನಿಮ್ಮ ಉದ್ಯೋಗ ಏನು ಅಂತ ಅದರಲ್ಲಿ ನಮೂದಾಗಬೇಕು. ಕಂಪನಿಯ ಏಜೆಂಟನ ಹತ್ತಿರ ಹೆಂಗಸರ ಹೆಸರಿಗೆ ಖಾಲಿ ಇದ್ದದ್ದು ಒಂದೇ ಜಾಗ. ಹಾಗಾಗಿ ಯುದ್ಧದಲ್ಲಿ ವಿಮಾನ ಹಾರಿಸಿ ಬಂದ ನಾನು ಅಲ್ಲಿ ‘ಹೆಂಗಸರ ದರ್ಜಿ’ ಆದೆ.

ಈ ಸುದ್ದಿ ನಮ್ಮ ಕಟ್ಟಡದಲ್ಲಿ ಹೇಗೆ ಹಬ್ಬಿತೋ ಗೊತ್ತಿಲ್ಲ. ವಾರದೊಳಗೆ ಕೆಳಗಿನ ಮನೆಯ ಹೈದರಾಬಾದಿನ ಹೆಂಗಸು ರವಿಕೆ ಬಟ್ಟೆ ಹಿಡಿದುಕೊಂಡು ಬಂದಳು. ನನಗೆ ಹೊಲಿಗೆ ಬರುವುದಿಲ್ಲ ಅಂದರೆ, ದುಡ್ಡು ಜಾಸ್ತಿ ಕೇಳಲಿಕ್ಕೆ ನಾಟಕ ಆಡುತ್ತಿದ್ದೇನೆ ಅಂತ ಸಿಟ್ಟುಮಾಡಿಕೊಂಡು ಹೋದಳು. ಹ್ಯಾಂಗರಿನ ಗೇಟಿನ ಕಾವಲುಗಾರನಂತೂ ದಿನಾ ಇಕಾಮಾ ನೋಡಿ, ನನ್ನನ್ನು ನೋಡಿ, ಒಳಗಿನ ವಿಮಾನಗಳನ್ನು ನೋಡುತ್ತಿದ್ದ. ನನ್ನ ಅರಬ್ಬಿಯೂ ಆಗ ಅಷ್ಟಕ್ಕಷ್ಟೆ. ‘ಸಯ್ಯಾರ’ ಅಂದರೆ ಕಾರು, ‘ತಯ್ಯಾರ’ ಅಂದರೆ ವಿಮಾನ. ಒಂದು ಸಂಜೆ ಗೇಟು ಬೇಗ ತೆಗೆಯಲಿ ಅಂತ, “ನನ್ನ ತಯ್ಯಾರ ರಸ್ತೆಯಲ್ಲಿ ಕಾಯ್ತಾ ಉಂಟು” ಅಂದೆ. ಆ ಮನುಷ್ಯ ನಿಜವಾಗಿಯೂ ಹೊರಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದ.

ರಸ್ತೆಯಲ್ಲಿ ಕಾಯುತ್ತಿದ್ದದ್ದು ಇಸ್ಮಾಯಿಲನ ಹಳೆಯ ಟೊಯೋಟಾ. ಹೆಂಗಸರು ಕಾರು ಓಡಿಸುವ ಹಾಗಿರಲಿಲ್ಲ ಆಗ. ಉಳ್ಳಾಲದ ಇಸ್ಮಾಯಿಲ್ ನನ್ನನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದ.

“ಅಲ್ಲ ಮೇಡಂ, ನೀವು ಇಷ್ಟು ಗಂಡಸರಿಗೆ ವಿಮಾನ ಬಿಡ್ಲಿಕ್ಕೆ ಕಲಿಸ್ತೀರಿ. ನಿಮ್ಮನ್ನು ಮನೆಗೆ ಬಿಡ್ಲಿಕ್ಕೆ ನಾನು ಬೇಕು. ನಂದು ಏಳನೇ ಕ್ಲಾಸು ಮಾರಾಯ್ರೆ” ಅಂತ ಅವನಿಗೆ ನಗು.

“ನೀನು ಬ್ರೇಕು ಸರಿಯಾಗಿ ಹಿಡಿ, ಸಾಕು” ಅನ್ನುತ್ತಿದ್ದೆ ನಾನು.

ಮುಂದೆ ಅನುಮತಿ ಬಂತು. ಮೊದಲ ದಿನಗಳಲ್ಲೇ ನಾನೂ ಲೈಸೆನ್ಸಿಗೆ ಹೋದೆ. ಪರೀಕ್ಷೆ ತೆಗೆದುಕೊಳ್ಳುವ ಹುಡುಗಿ ಬಹಳ ಗಂಭೀರವಾಗಿ, “ಮೊದಲು ಏನಾದರೂ ಓಡಿಸಿ ಅಭ್ಯಾಸ ಇದೆಯಾ?” ಅಂತ ಕೇಳಿದಳು. ಸ್ವಲ್ಪ ಇದೆ ಅಂದೆ. ಪಾರ್ಕಿಂಗಿನಲ್ಲಿ ಫೇಲು ಮಾಡಿದಳು.

ಈಗ ಸಿಮ್ಯುಲೇಟರಿನ ಕಥೆ. ಅದು ನೆಲದ ಮೇಲೆಯೇ ನಿಂತು ವಿಮಾನದಂತೆ ಓಲಾಡುವ ಒಂದು ಮುಚ್ಚಿದ ಪೆಟ್ಟಿಗೆ. ಒಳಗೆ ಕಲಿಯುವವರು ಇಬ್ಬರು, ಹಿಂದೆ ಕಲಿಸುವವರು ಒಬ್ಬರು. ಪರಪುರುಷರ ಜೊತೆ ಒಬ್ಬ ಹೆಂಗಸು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರುವುದು ಹೇಗೆ ಅಂತ ನಮ್ಮ ಮ್ಯಾನೇಜರ್ ತಲಾಲ್ ಸಾಹೇಬರಿಗೆ ಚಿಂತೆ ಹತ್ತಿತು. ಬಾಗಿಲು ತೆರೆದಿಟ್ಟು ಪಾಠ ಮಾಡಿ ಅಂದರು. ಬಾಗಿಲು ತೆರೆದಿದ್ದರೆ ಯಂತ್ರ ಅಲುಗಾಡುವುದಿಲ್ಲ ಅಂದೆ. ಹಾಗಾದರೆ ಪರದೆ ಹಾಕಿ ಅಂದರು. ಪರದೆ ಹಾಕಿದರೆ ಹುಡುಗರು ಯಾವ ಗುಂಡಿ ಒತ್ತುತ್ತಿದ್ದಾರೆ ಅಂತ ನನಗೆ ಕಾಣುವುದಿಲ್ಲ ಅಂದೆ. “ಕೇಳಿಸುತ್ತದಲ್ಲ?” ಅಂದರು. ಕಡೆಗೆ ಪರದೆಯೂ ಬಂತು, ಪಕ್ಕದಲ್ಲಿ ಕಾವಲಿಗೆ ಅಂತ ಲೆಕ್ಕವಿಭಾಗದ ಸುಡಾನಿ ವೃದ್ಧ ಬಶೀರ್ ಕೂಡ ಬಂದರು. ಪಾಪದ ಮನುಷ್ಯ. ಪ್ರತಿಸಲ ಹುಡುಗರು ವಿಮಾನ ಇಳಿಸುವಾಗ ಅವರು ಪ್ಲಾಸ್ಟಿಕ್ ಚೀಲ ಬಾಯಿಗೆ ಹಿಡಿದು ವಾಂತಿ ಮಾಡಿಕೊಳ್ಳುವರು. ನನ್ನ ಮಾನ ಕಾಯುವ ಕೆಲಸದಲ್ಲಿ ಅವರು ಅರ್ಧಕ್ಕರ್ಧ ಇಳಿದುಹೋದರು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ದೇಶದ ಗಾಳಿ ಬದಲಾಯಿತು. ಎಲ್ಲ ಕೆಲಸಕ್ಕೂ ಹೆಂಗಸರು ಬರಲಿ ಅಂತ ಮೇಲಿನಿಂದ ಸೂಚನೆ ಬಂದ ಮರುದಿನವೇ ತಲಾಲ್ ಸಾಹೇಬರು ಸಿಮ್ಯುಲೇಟರಿನೊಳಗೆ ತಲೆಹಾಕಿ, ಆ ಪರದೆಯನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದವರ ಹಾಗೆ ನೋಡಿ, “ಇದನ್ನು ಇಲ್ಲಿ ಹಾಕಿದ್ದು ಯಾರು? ಎಂಥ ಹಿಂದುಳಿದ ಬುದ್ಧಿ!” ಅಂದರು. ಬಶೀರ್ ನನ್ನ ಮುಖ ನೋಡಿದರು. ನಾನು ಪರದೆ ಮಡಚಿದೆ.

ಹೆಸ್ಸಾ ನಮ್ಮ ಕಂಪನಿಗೆ ಬಂದದ್ದು ಆ ಗಾಳಿಯಲ್ಲೇ. ಉನೈಜಾದ ಹುಡುಗಿ, ಖರ್ಜೂರದ ವ್ಯಾಪಾರಿಯ ಮಗಳು. ಹೊರದೇಶದಲ್ಲಿ ಕಲಿತು ಲೈಸೆನ್ಸ್ ಪಡೆದು ಬಂದಿದ್ದಳು. ಮಾತು ಕಡಿಮೆ, ಆದರೆ ಆಡಿದರೆ ನೇರ. ನನ್ನನ್ನು ‘ಅಬ್ಲಾ’ ಅನ್ನುತ್ತಿದ್ದಳು. ಅಲ್ಲಿ ಹೆಣ್ಣುಮಕ್ಕಳು ಟೀಚರನ್ನು ಕರೆಯುವುದು ಹಾಗೆ. ನಮ್ಮ ಮಾತುಕತೆ ಇಂಗ್ಲಿಷಿನಲ್ಲಿ, ನಡುವೆ ಅರಬ್ಬಿ ಸೇರಿಸಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ.

ಅವಳು ಬಂದ ಮೊದಲ ವಾರ ಫೋಟೋ ತೆಗೆದರು. ಎರಡನೇ ವಾರವೂ ತೆಗೆದರು. ವಿಮಾನದ ಮೆಟ್ಟಿಲಿನಲ್ಲಿ, ರೆಕ್ಕೆಯ ಕೆಳಗೆ, ದೂರದ ಆಕಾಶ ನೋಡುತ್ತಾ, ಸಣ್ಣ ಹುಡುಗಿಯರಿಗೆ ಹೂ ಕೊಡುತ್ತಾ. ಕಂಪನಿಯ ಕ್ಯಾಲೆಂಡರಿನಲ್ಲಿ ಹೆಸ್ಸಾ, ಸ್ವಾಗತ ಕೊಠಡಿಯ ಗೋಡೆಯಲ್ಲಿ ಹೆಸ್ಸಾ. ವಿಮಾನದೊಳಗೆ ಮಾತ್ರ ಹೆಸ್ಸಾ ಇಲ್ಲ. ಹಾರಾಟದ ಪಾಳಿ ಹಾಕುತ್ತಿದ್ದ ಮುಖ್ಯ ಪೈಲಟ್ ಕ್ಯಾಪ್ಟನ್ ಅದ್ನಾನ್ ಭಾರೀ ಆಳು, ಅದಕ್ಕಿಂತ ಭಾರೀ ಮೀಸೆ. ಹೆಂಗಸರ ಕೈ ಚಿಕ್ಕದು, ಎಂಜಿನಿನ ಹಿಡಿ ದೊಡ್ಡದು ಅನ್ನುವುದು ಅವರ ಸಿದ್ಧಾಂತ. ನಾನು ಅದೇ ಚಿಕ್ಕ ಕೈಯಲ್ಲಿ ಅವರದ್ದಕ್ಕಿಂತ ದೊಡ್ಡ ವಿಮಾನ ಹಾರಿಸಿದವಳು ಅಂದಾಗ, “ಅದು ಭಾರತದ ವಿಮಾನ” ಅಂದರು.

ಅದು ಸುಮ್ಮನೆ ಇರಬಹುದಾದ ಕಾಲವೂ ಆಗಿರಲಿಲ್ಲ. ದಕ್ಷಿಣದ ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು. ನಜ್ರಾನಿನ ಕಡೆ ಆಗಾಗ ಸೈರನ್ ಕೂಗುತ್ತಿತ್ತು, ಡ್ರೋನ್ ಬಂತು ಅಂತ ಸುದ್ದಿ ಬರುತ್ತಿತ್ತು. ಆ ಕಡೆಯಿಂದ ಪೆಟ್ಟಾದ, ಸವೆದ ವಿಮಾನಗಳು ನಮ್ಮಲ್ಲಿಗೆ ಬರುತ್ತಲೇ ಇದ್ದವು. ರಿಪೇರಿ ಆದವು ಬೇಗ ವಾಪಸ್ ಹೋಗಬೇಕಿತ್ತು. ನಮ್ಮ ಗಂಡಸು ಪೈಲಟ್‌ಗಳಲ್ಲಿ ಕೆಲವರು ರಜೆ ಅಂತ ಊರಿಗೆ ಹೋದವರು ಅಲ್ಲಿಂದಲೇ ಬೆನ್ನುನೋವು, ತಾಯಿಗೆ ಹುಷಾರಿಲ್ಲ ಅಂತ ಹೇಳಿ ಕಳಿಸಿದರು. ಉಳಿದವರು ಹಾರಿ ಹಾರಿ ಸೋತಿದ್ದರು. ಹ್ಯಾಂಗರಿನಲ್ಲಿ ವಿಮಾನ ಕಾಯುತ್ತಿದೆ, ಕ್ಯಾಲೆಂಡರಿನಲ್ಲಿ ಪೈಲಟ್ ನಗುತ್ತಿದ್ದಾಳೆ.

ಒಂದು ದಿನ ಹೆಸ್ಸಾ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು.

“ಅಬ್ಲಾ, ನನ್ನನ್ನು ಪ್ರಚಾರ ವಿಭಾಗಕ್ಕೆ ಹಾಕ್ತಾರಂತೆ. ಟೇಬಲ್ಲು, ಕುರ್ಚಿ, ಬಂದವರಿಗೆ ಕಾಫಿ.”

“ಯಾವಾಗ?”

“ಈ ತಿಂಗಳು ಮುಗಿದ ಮೇಲೆ. ಅಷ್ಟರಲ್ಲಿ ಹಾರದಿದ್ದರೆ ನನ್ನ ಲೈಸೆನ್ಸೂ ಹೋಗುತ್ತದೆ. ಮನೆಯಲ್ಲಿ ಅಣ್ಣ ಈಗಲೇ ನನ್ನನ್ನು ‘ಪೋಸ್ಟರ್’ ಅಂತ ಕರೀತಾನೆ. ಅಪ್ಪ ನಾಲ್ಕು ಜನರ ಮಾತು ಕೇಳಿಸಿಕೊಂಡು ನನ್ನನ್ನು ಓದಿಸಿದವರು. ಅವರಿಗೆ ಏನು ಹೇಳಲಿ?” ಅವಳು ಅಳಲಿಲ್ಲ. ಮೇಜಿನ ಮೇಲಿದ್ದ ಪುಟ್ಟ ವಿಮಾನದ ಗೊಂಬೆಯನ್ನು ತೆಗೆದು ಮುಖ ಕೆಳಗೆ ಮಾಡಿ ಇಟ್ಟಳು.

ಆ ತಿಂಗಳಲ್ಲೇ ತಲಾಲ್ ಸಾಹೇಬರಿಗೆ ಅವರ ಜೀವನದ ದೊಡ್ಡ ಯೋಚನೆ ಹೊಳೆಯಿತು. ನಜ್ರಾನಿನ ನೆಲೆಗೆ ಯಾರೋ ದೊಡ್ಡ ಅತಿಥಿಗಳು ಬರುವವರಿದ್ದರು, ಕ್ಯಾಮೆರಾಗಳ ಸಮೇತ. ಅದೇ ದಿನ ನಮ್ಮ ಒಂದು ವಿಮಾನವೂ ಅಲ್ಲಿಗೆ ಹೋಗಬೇಕಿತ್ತು. ವಿಮಾನ ಹಾರಿಸುವುದು ಅದ್ನಾನ್, ಬಲಗಡೆ ಕೂತು. ಎಡಗಡೆ, ಕ್ಯಾಮೆರಾ ಇರುವ ಕಡೆ, ಹೆಸ್ಸಾ ಕೂರಬೇಕು, ಏನನ್ನೂ ಮುಟ್ಟಬಾರದು. ಇಳಿದ ಮೇಲೆ ಅತಿಥಿಗಳ ಮುಂದೆ ನಿಧಾನ ಹಾದುಹೋಗುವಾಗ ಅದ್ನಾನ್ ಕಿಟಕಿಯಿಂದ ಕಾಣದ ಹಾಗೆ ಕೆಳಗೆ ಬಗ್ಗಬೇಕು. ಆಗ ಯುದ್ಧದ ನಡುವೆ ಒಬ್ಬಳೇ ವಿಮಾನ ತಂದ ವೀರವನಿತೆಯ ಫೋಟೋ ಬರುತ್ತದೆ.

“ಮತ್ತೆ ನಾನು ಎಂತಕ್ಕೆ ಹೋಗ್ಬೇಕು?” ಅಂದೆ. ನನ್ನ ಹೆಸರನ್ನೂ ಸೇರಿಸಿದ್ದರು.

“ಹುಡುಗಿ ಒಬ್ಬಳೇ ಗಂಡಸಿನ ಜೊತೆ ಹೇಗೆ ಹೋಗುವುದು? ನೀವು ಜೊತೆಗೆ. ಹಿಂದಿನ ಮಡಚುಕುರ್ಚಿಯಲ್ಲಿ ಕೂತ್ಕೊಳ್ಳಿ. ಆದರೆ ಫೋಟೋದ ಹೊತ್ತಿಗೆ ಮುಂದೆ ಇಣುಕಬೇಡಿ ಮೇಡಂ.”

ಯೌವನದಲ್ಲಿ ಯುದ್ಧದ ಮೇಲೆ ಹಾರಿದವಳಿಗೆ ಮುಪ್ಪಿನಲ್ಲಿ ಈ ಕೆಲಸ ಸಿಕ್ಕಿತು. ಬಶೀರರ ಕೆಲಸ.

ಹೊರಟ ದಿನ ಆಕಾಶ ತಿಳಿಯಾಗಿತ್ತು. ಅದ್ನಾನ್ ಹಾರಾಟದುದ್ದಕ್ಕೂ ತಮ್ಮ ಹಳೆಯ ಸಾಹಸಗಳನ್ನು ಹೇಳಿದರು. ಹೆಸ್ಸಾ ಎರಡೂ ಕೈಗಳನ್ನು ತೊಡೆಯ ಮೇಲೆ ಜೋಡಿಸಿ, ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತವಳ ಹಾಗೆ ಕೂತಿದ್ದಳು. ಕಣ್ಣು ಮಾತ್ರ ಒಂದೊಂದೇ ಮೀಟರಿನ ಮೇಲೆ ಓಡಾಡುತ್ತಿತ್ತು. ಕೆಳಗೆ ಮರಳು, ಮರಳು ಮುಗಿದ ಮೇಲೆ ಕಪ್ಪು ಬೆಟ್ಟಗಳು. ನಜ್ರಾನ್ ಹತ್ತಿರವಾಯಿತು, ಇಳಿಯಲು ಶುರುಮಾಡಿದೆವು. ಆಗ ಅದ್ನಾನರಿಗೆ ಏನನ್ನಿಸಿತೋ, “ಕಾಲು ಎಲ್ಲಿ ಇಟ್ಟರೆ ಬಗ್ಗಲಿಕ್ಕೆ ಆಗ್ತದೆ ಅಂತ ಒಂದು ಸಲ ನೋಡಿಬಿಡ್ತೇನೆ” ಅಂದರು. ವಿಮಾನ ತಾನಾಗಿ ಹಾರುವ ವ್ಯವಸ್ಥೆಯಲ್ಲಿತ್ತು. ಅವರು ಭುಜದ ಪಟ್ಟಿ ಬಿಚ್ಚಿ, ಉಸಿರು ಬಿಗಿಹಿಡಿದು, ಒಂದು ಕಡೆಗೆ ವಾಲಿ ಕೆಳಗೆ ಬಗ್ಗಿದರು.

ಕಟ್ ಅಂತ ಒಂದು ಸದ್ದು ನನಗೆ ಕೇಳಿದ ಹಾಗಾಯಿತು. ಎಂಜಿನಿನ ಗಲಾಟೆಯಲ್ಲಿ ಅದು ಕೇಳಿಸಲು ಸಾಧ್ಯವಿಲ್ಲ, ಆದರೂ. ಅದರ ಹಿಂದೆಯೇ ಅವರ ಕಿರುಚಾಟ ಮಾತ್ರ ಚೆನ್ನಾಗಿ ಕೇಳಿಸಿತು. ಸೊಂಟ ಹಿಡಿದುಕೊಂಡಿತ್ತು. ಮೇಲೇಳಲು ಹೋದವರು ಎದೆ ಕೊಟ್ಟು ಮುಂದೆ ಬಿದ್ದರು, ಸೀದಾ ತಮ್ಮ ಕಡೆಯ ಚಾಲನಾ ದಂಡದ ಮೇಲೆ. ಅಷ್ಟು ಭಾರ ಬಿದ್ದದ್ದೇ ವಿಮಾನ ಮೂಗು ಕೆಳಗೆ ಮಾಡಿತು. ಕಿಟಕಿಯಲ್ಲಿ ಆಕಾಶ ಹೋಗಿ ಬೆಟ್ಟ ಬಂತು.

ನಾನು ಬೆಲ್ಟು ಬಿಚ್ಚಿ, ಹಿಂದಿನಿಂದ ಅವರ ಕಾಲರಿಗೆ ಒಂದು ಕೈ, ಸೊಂಟದ ಪಟ್ಟಿಗೆ ಒಂದು ಕೈ ಹಾಕಿ, ಕುಂದಾಪುರದ ಬಾವಿಯಿಂದ ನೀರು ಸೇದಿದ ಎಲ್ಲ ಬಲ ಕೂಡಿಸಿ ಎಳೆದೆ. ಹೆಸ್ಸಾ ಆ ಹೊತ್ತಿಗೆ ತನ್ನ ಕಡೆಯ ದಂಡವನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. ಮನುಷ್ಯ ಹಿಂದೆ ಬಂದದ್ದೇ ವಿಮಾನದ ಮೂಗು ಮೇಲೆ ಬಂತು. ಅದ್ನಾನರನ್ನು ಸೀಟಿಗೆ ಒರಗಿಸಿ ಪಟ್ಟಿ ಕಟ್ಟಿದೆ. ಅವರಿಗೆ ಕಾಲು ಆಡಿಸಲು ಆಗುತ್ತಿರಲಿಲ್ಲ. “ಯಾ ಅಲ್ಲಾಹ್” ಅಂತ ಚಾವಣಿ ನೋಡುತ್ತಾ ಮಲಗಿದರು.

ಅದೇ ಹೊತ್ತಿಗೆ ಕೆಳಗಿನ ಟವರಿನಿಂದ ದನಿ ಬಂತು. ಸೈರನ್ ಆಗಿದೆ, ರನ್‌ವೇ ಮುಚ್ಚಿದೆ, ಯಾರೂ ಇಳಿಯಬಾರದು, ಉತ್ತರದ ಕಡೆ ಒಂದು ಸಣ್ಣ ನಿಲ್ದಾಣಕ್ಕೆ ಹೋಗಿ. ಆ ನಿಲ್ದಾಣದ ಮೇಲೆ ಧೂಳು ಎದ್ದಿದೆ ಅಂತಲೂ ಸೇರಿಸಿದರು.

ಹೆಸ್ಸಾ ಹಿಂದೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು. “ಅಬ್ಲಾ?”

ಸತ್ಯ ಹೇಳುತ್ತೇನೆ, ನನ್ನ ಕೈ ತುರಿಸುತ್ತಿತ್ತು. ಆದರೆ ನಾನು ಕೂರಬೇಕಾದ ಸೀಟಿನಲ್ಲಿ ಕ್ಯಾಪ್ಟನ್ ಮಲಗಿದ್ದರು. ಅದಕ್ಕಿಂತ ಹೆಚ್ಚಾಗಿ, ಆ ದಂಡ ಈಗ ಹಿಡಿದವಳ ಕೈಯಲ್ಲೇ ಇರಬೇಕಾಗಿತ್ತು.

“ನನ್ನನ್ನು ಎಂತಕ್ಕೆ ನೋಡ್ತಿ? ಮುಂದೆ ನೋಡು” ಅಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಅವಳಿಗೆ ಅರ್ಥವಾಯಿತು.

ಧೂಳು ಅಂದರೆ ಹೇಗೆ ಅಂದರೆ, ಕಿಟಕಿಗೆ ಯಾರೋ ಗೋಧಿಹಿಟ್ಟು ಬಳಿದ ಹಾಗೆ. ರನ್‌ವೇ ಕಾಣಿಸಲೇ ಇಲ್ಲ. ಮೊದಲ ಸಲ ಇಳಿಯಲು ಹೋಗಿ, ಮೀಟರು ತೋರಿಸುವ ಇಳಿಯುವ ಗೆರೆ ತಪ್ಪಿದೆ ಅಂತ ಗೊತ್ತಾದ ಕೂಡಲೇ ಮರ್ಯಾದೆ ಗಿರ್ಯಾದೆ ನೋಡದೆ ಅವಳು ವಿಮಾನವನ್ನು ಮತ್ತೆ ಮೇಲೆತ್ತಿದಳು. ಅದ್ನಾನ್ ಚಾವಣಿಗೆ ಹೇಳಿದರು, “ಇಳಿಸಬಹುದಿತ್ತು.” ಹೆಸ್ಸಾ ಶಾಂತವಾಗಿ, “ನೀವು ಮಾತಾಡಬೇಡಿ ಕ್ಯಾಪ್ಟನ್, ಉಸಿರಾಡಿ” ಅಂದಳು. ಎರಡನೇ ಸಲ ಗೆರೆ ಹಿಡಿದಳು. ಕೊನೆಯ ಗಳಿಗೆಯಲ್ಲಿ ಹಿಟ್ಟಿನ ನಡುವೆ ಎರಡು ಸಾಲು ದೀಪ ಕಂಡವು. ಚಕ್ರ ನೆಲ ಮುಟ್ಟಿದ್ದು ನನ್ನ ಬೆನ್ನಿಗೆ ಗೊತ್ತೇ ಆಗಲಿಲ್ಲ. ಅದ್ನಾನರ ಬೆನ್ನಿಗೂ ಗೊತ್ತಾಗಲಿಲ್ಲ; ಅವರು ಕಿರುಚಲಿಲ್ಲ ಅನ್ನುವುದೇ ಆ ಲ್ಯಾಂಡಿಂಗಿಗೆ ಸಿಕ್ಕ ಸರ್ಟಿಫಿಕೇಟು.

ನಿಂತ ಮೇಲೆ ಹೆಸ್ಸಾ ಎಂಜಿನ್ ಆರಿಸಿ, ಕೈಗಳನ್ನು ತೊಡೆಯ ಮೇಲಿಟ್ಟು ಅಂಗೈ ನೋಡಿಕೊಂಡಳು. ಚರ್ಮ ಕೆಂಪಾಗಿತ್ತು. ಆಮೇಲೆ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಾನೂ ಸೇರಿದೆ. ಅದ್ನಾನ್ ನಗಲು ಹೋಗಿ ನೋವಿನಿಂದ ಬೈದರು. ಸುತ್ತ ಒಂದು ಅಗ್ನಿಶಾಮಕ ಗಾಡಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಇಬ್ಬರು ನೌಕರರು, ಬೇಲಿಯಾಚೆ ಒಂದು ಒಂಟೆ. ಕಂಪನಿಯ ಇತಿಹಾಸದಲ್ಲೇ ಅತ್ಯುತ್ತಮವಾದ ಆ ಲ್ಯಾಂಡಿಂಗಿನ ಒಂದು ಫೋಟೋವೂ ಇಲ್ಲ.

ತಲಾಲ್ ಸಾಹೇಬರ ಫೋನು ಬಂತು. ಮೊದಲ ಪ್ರಶ್ನೆ, “ಅತಿಥಿಗಳಿಗೆ ಏನು ಹೇಳಲಿ?” ಅತಿಥಿಗಳು ಸೈರನ್ ಕೇಳಿ ನೆಲಮಾಳಿಗೆಯಲ್ಲಿ ಕೂತಿದ್ದರು ಅಂತ ಆಮೇಲೆ ಗೊತ್ತಾಯಿತು. ಅವರೂ ಬಗ್ಗಿಕೊಂಡೇ ಕೂತಿದ್ದರಂತೆ.

ವಿಚಾರಣೆಗೆ ಸೇನೆಯಿಂದ ಒಬ್ಬ ಮೇಜರ್ ಬರುವುದೆಂದಾಯಿತು. ಅವರು ಬರುವ ಮೊದಲು ತಲಾಲ್ ಸಾಹೇಬರು ನಮ್ಮನ್ನು ಕರೆದು ಬಾಗಿಲು ಹಾಕಿಕೊಂಡರು. ಕ್ಯಾಪ್ಟನ್ ಆಕಾಶದಲ್ಲಿ ಯಾಕೆ ಬಗ್ಗಿದರು ಅಂತ ಪ್ರಶ್ನೆ ಬಂದರೆ ಬಗ್ಗಲು ಹೇಳಿದ್ದು ಯಾರು ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಅವರಿಗೆ ಹೊಳೆದಿತ್ತು.

“ಮೊದಲಿನಿಂದಲೂ ವಿಮಾನ ಹಾರಿಸಿದ್ದು ಹೆಸ್ಸಾ. ಕ್ಯಾಪ್ಟನ್ ಪಕ್ಕದಲ್ಲಿ ಕೂತು ನೋಡಿಕೊಳ್ಳುತ್ತಿದ್ದರು. ಸೊಂಟ ತಾನಾಗಿ ಹಿಡಿಯಿತು. ಎಲ್ಲರಿಗೂ ಒಳ್ಳೆಯದು” ಅಂದರು. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಮರದ ಕುರ್ಚಿಯಲ್ಲಿ ಕೂತಿದ್ದ ಅದ್ನಾನ್ ಕಷ್ಟಪಟ್ಟು ತಲೆ ಆಡಿಸಿದರು. ಹೆಂಗಸರ ಕೈ ಒಂದೇ ದಿನದಲ್ಲಿ ಸಾಕಷ್ಟು ದೊಡ್ಡದಾಗಿತ್ತು.

ಹೆಸ್ಸಾಗೆ ಇದಕ್ಕಿಂತ ಲಾಭದ ಸುಳ್ಳು ಸಿಗುವುದು ಸಾಧ್ಯವಿರಲಿಲ್ಲ. ಒಪ್ಪಿದಳು ಅಂತಲೇ ನಾನು ತಿಳಿದೆ. ನಾನಾದರೆ ಒಪ್ಪುತ್ತಿದ್ದೆ.

ಮೇಜರ್ ಬಂದರು. ನಿದ್ದೆಗೆಟ್ಟ ಕಣ್ಣು, ಬೂಟಿನಲ್ಲಿ ಇನ್ನೂ ನಜ್ರಾನಿನ ಧೂಳು. ತಲಾಲ್ ಸಾಹೇಬರ ವಿವರಣೆ ಪೂರ್ತಿ ಕೇಳಿ, ಹೆಸ್ಸಾಳ ಕಡೆ ತಿರುಗಿ, “ಹೌದಾ?” ಅಂದರು.

“ಇಲ್ಲ. ನಾನು ಹಾರಿಸಿದ್ದು ಕೊನೆಯ ಭಾಗ ಮಾತ್ರ.”

ಮೇಜರ್ ಪೆನ್ನು ತೆಗೆದರು.

“ಮೊದಲ ಭಾಗ ಯಾಕೆ ಹಾರಿಸಲಿಲ್ಲ?”

“ಮುಟ್ಟಬಾರದು ಅಂದಿದ್ದರು.”

“ಕ್ಯಾಪ್ಟನ್ ಯಾಕೆ ಬಗ್ಗಿದರು?”

“ಫೋಟೋಗೆ” ಅಂದಳು ಹೆಸ್ಸಾ. “ಅವರು ಬಗ್ಗಿದರೆ ನಾನು ಹಾರಿಸಿದ ಹಾಗೆ ಕಾಣುತ್ತದೆ ಅಂತ.”

ಮೇಜರ್ ತಲಾಲ್ ಸಾಹೇಬರನ್ನು ನೋಡಿದರು. ಕೋಪದಲ್ಲಿ ನೋಡಿದ್ದರೂ ವಾಸಿಯಿತ್ತು. ಮನೆಯಲ್ಲಿ ಸಾವಾದಾಗ ಬಂದು ಊಟಕ್ಕೇನು ಅಂತ ಕೇಳುವ ನೆಂಟನನ್ನು ನೋಡುತ್ತೇವಲ್ಲ, ಹಾಗೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು. “ನನಗೆ ನಾಳೆ ನಜ್ರಾನಿಗೆ ವಿಮಾನ ಬೇಕು. ನಿಮ್ಮಲ್ಲಿ ಹಾರಿಸುವವರು ಯಾರಿದ್ದಾರೆ?”

ಒಬ್ಬ ಊರಿನಿಂದ ಬಂದಿರಲಿಲ್ಲ, ಒಬ್ಬನಿಗೆ ಜ್ವರ, ಇನ್ನೊಬ್ಬ ಆಗಷ್ಟೇ ಹಾರಿ ಬಂದು ಮಲಗಿದ್ದ. ಅದ್ನಾನ್ ಎದುರಿಗೇ ಪಟ್ಟಿ ಕಟ್ಟಿಕೊಂಡು ಕೂತಿದ್ದರು.

“ಈಕೆ?” ಅಂದರು ಮೇಜರ್.

“ಅದನ್ನೇ ನಾನು ಹೇಳಬೇಕೆಂದಿದ್ದೆ” ಅಂದರು ತಲಾಲ್ ಸಾಹೇಬರು.

ಆಗ ಅದ್ನಾನ್ ಬಾಯಿಬಿಟ್ಟರು. “ಆ ಧೂಳಿನಲ್ಲಿ ಮೊದಲ ಸಲ ಇಳಿಸಬಹುದಿತ್ತು ಅಂತ ನಾನಂದೆ. ಇಳಿಸಿದ್ದರೆ ಇವತ್ತು ನಾವು ಮೂರೂ ಜನ ಇಲ್ಲಿ ಇರುತ್ತಿರಲಿಲ್ಲ. ಕಳಿಸಿ.” ಹೇಳಿ ಮುಗಿಸಿ ಮತ್ತೆ ಗೋಡೆಯ ಕಡೆ ಮುಖ ಮಾಡಿದರು. ಅಷ್ಟು ವರ್ಷದಲ್ಲಿ ನಾನು ಅವರ ಬಾಯಲ್ಲಿ ಕೇಳಿದ ಒಂದೇ ಹೊಗಳಿಕೆ ಅದು.

ಮರುದಿನ ಹೆಸ್ಸಾ ಹಾರಿದಳು. ಮಹಿಳೆಯರ ಮುನ್ನಡೆ ಅಂತ ಕಂಪನಿಯವರು ಆಮೇಲೆ ಅದಕ್ಕೆ ಏನೇನೋ ಹೆಸರು ಕೊಟ್ಟರು. ನನಗೆ ಗೊತ್ತಿರುವ ಮಟ್ಟಿಗೆ ಅದರಲ್ಲಿ ಅರ್ಧ ಪಾಲು ಒಬ್ಬ ಗಂಡಸಿನ ಸೊಂಟನೋವು.

ಅಲ್ಲಿಂದ ಮುಂದೆ ಆ ಯುದ್ಧದ ದಿನಗಳಲ್ಲಿ ಅವಳು ದಕ್ಷಿಣಕ್ಕೆ ಎಷ್ಟು ಸಲ ಹೋದಳೋ, ನಾನು ಲೆಕ್ಕ ಇಡಲಿಲ್ಲ. ಅವಳ ಹಿಂದೆ ಇನ್ನೂ ಮೂವರು ಹುಡುಗಿಯರು ಬಂದರು. ಹೋಗುವಾಗ ರಿಪೇರಿಯಾದ ವಿಮಾನ, ಬರುವಾಗ ಕೆಟ್ಟ ವಿಮಾನ. ಅದರಲ್ಲೇ ಕೆಲವೊಮ್ಮೆ ಗಾಯಾಳುಗಳು. ಕೆಟ್ಟ ವಿಮಾನವನ್ನು ರಿಪೇರಿಗೆ ಹಾರಿಸಿ ತರುವುದು ಎಂಥ ಕೆಲಸ ಅಂತ ಹಿಂದಿನ ಸಾಲಿನಲ್ಲಿ ಇದ್ದವರಿಗೆ ಮಾತ್ರ ಗೊತ್ತು. ಒಂದು ಸಲ ಕಾಲಿಗೆ ಪೆಟ್ಟಾದ ಸೈನಿಕನೊಬ್ಬ ಸ್ಪೀಕರಿನಲ್ಲಿ ಹೆಸ್ಸಾಳ ದನಿ ಕೇಳಿ, “ಹೆಂಗಸು ಹಾರಿಸುತ್ತಿದ್ದಾಳಾ? ನನ್ನನ್ನು ಇಳಿಸಿ” ಅಂತ ಗಲಾಟೆ ಮಾಡಿದನಂತೆ. “ಇಳಿಸ್ತೇನೆ, ಆದರೆ ಇಲ್ಲಿ ಕೆಳಗೆ ಬರೀ ಮರಳು” ಅಂತ ಇವಳು ಹೇಳಿ ಕಳಿಸಿದಳು. ಅವನು ಸ್ವಲ್ಪ ಯೋಚಿಸಿ ನಿದ್ದೆ ಮಾಡಿದನಂತೆ. ಅವಳ ಅಪ್ಪ ಉನೈಜಾದಿಂದ ನನಗೆ ಪೆಟ್ಟಿಗೆ ಪೆಟ್ಟಿಗೆ ಖರ್ಜೂರ ಕಳಿಸಿದರು. ನಮ್ಮವರಿಗೆ ಸಕ್ಕರೆ ಕಾಯಿಲೆ. ಇಸ್ಮಾಯಿಲನ ಮನೆಯವರು ತಿಂದರು.

ಆಮೇಲೆ ಗಡಿ ತಣ್ಣಗಾಯಿತು. ಸೈರನ್ ನಿಂತ ಸುದ್ದಿ ಊರುಗಳಲ್ಲಿದ್ದ ನಮ್ಮ ಗಂಡಸು ಪೈಲಟ್‌ಗಳಿಗೆ ಬಹಳ ಬೇಗ ಮುಟ್ಟಿತು. ತಾಯಂದಿರೆಲ್ಲ ಒಟ್ಟಿಗೇ ಗುಣವಾದರು. ಅವರು ಬಂದ ವಾರವೇ ಕಂಪನಿಯವರು ನಾಲ್ಕೂ ಹುಡುಗಿಯರಿಗೆ ಒಂದು ಸಮಾರಂಭ ಇಟ್ಟರು. ದೊಡ್ಡ ಕೇಕು, ಹೂಗುಚ್ಛ, ‘ಕಷ್ಟಕಾಲದಲ್ಲಿ ಕೈಹಿಡಿದ ನಮ್ಮ ಹೆಣ್ಣುಮಕ್ಕಳಿಗೆ’ ಅಂತ ಬ್ಯಾನರು. ತಲಾಲ್ ಸಾಹೇಬರು ಕಣ್ಣೊರೆಸಿಕೊಂಡು, ಇನ್ನು ಮುಂದೆ ನಾಲ್ವರಿಗೂ ವಿಶ್ರಾಂತಿಯ ಕೆಲಸ, ಪ್ರಚಾರ ವಿಭಾಗದಲ್ಲಿ ಹೊಸ ಕೋಣೆ ತಯಾರಾಗಿದೆ ಅಂತ ಘೋಷಿಸಿದರು.

ಹೆಸ್ಸಾ ಚಪ್ಪಾಳೆ ನಿಲ್ಲುವ ತನಕ ಕಾದಳು. ಆಮೇಲೆ ಒಂದು ತುಂಡು ಕೇಕು ತಟ್ಟೆಯಲ್ಲಿ ಹಾಕಿಕೊಂಡು ನನ್ನ ಪಕ್ಕ ಬಂದು ಕೂತಳು.

“ನಿಮಗೂ ಹೀಗೆ ಮಾಡಿದ್ದರಾ ಅಬ್ಲಾ?”

“ನಮಗೆ ಕೇಕು ಇರಲಿಲ್ಲ. ಸಮೋಸ ಕೊಟ್ಟರು, ಒಂದು ಶಾಲು ಹೊದಿಸಿದರು. ಯುದ್ಧ ಮುಗಿಯಿತು, ಅವಧಿ ಮುಗಿಯಿತು, ಥ್ಯಾಂಕ್ಸ್ ಅಂದರು.”

“ನೀವು ಏನು ಮಾಡಿದಿರಿ?”

“ಸಮೋಸ ತಿಂದು ಮನೆಗೆ ಬಂದೆ. ಅಳಲಿಕ್ಕೆ ಬಚ್ಚಲಿಗೆ ಹೋದೆ, ಸೌದಿಯಿಂದ ರಜೆಗೆ ಬಂದಿದ್ದ ನಮ್ಮವರಿಗೆ ಗೊತ್ತಾಗಬಾರದು ಅಂತ ನಲ್ಲಿ ಬಿಟ್ಟೆ. ಟ್ಯಾಂಕಿ ಖಾಲಿಯಾಯಿತು.”

ಅವಳು ಕೇಕು ಪೂರ್ತಿ ತಿಂದಳು. ಮೂತಿ ಒರೆಸಿಕೊಂಡು, ರೋಗಿಗಳನ್ನು ವಿಮಾನದಲ್ಲಿ ಸಾಗಿಸುವ ಬೇರೊಂದು ಕಡೆಯಿಂದ ತನಗೆ ಕರೆ ಬಂದಿದೆ, ಉಳಿದ ಮೂವರನ್ನೂ ಕೇಳಿದ್ದಾರೆ ಅಂದಳು. ಆದರೆ ಈ ಕಂಪನಿ ತನ್ನನ್ನು ಮೊದಲು ಕೆಲಸಕ್ಕೆ ತೆಗೆದುಕೊಂಡದ್ದು, ಬಿಟ್ಟು ಹೋದರೆ ಜನ ಕೃತಘ್ನಳು ಅನ್ನುತ್ತಾರೇನೋ ಅಂತ ಅವಳಿಗೆ ಅಳುಕು. ನಾನು ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವ ಅಗತ್ಯ ಇಲ್ಲ, ಅದರಲ್ಲಿ ಒಂದೆರಡು ಮಾತು ಕುಂದಾಪುರದ ಬಸ್‌ಸ್ಟ್ಯಾಂಡಿನವು.

ನಾಲ್ವರೂ ಒಂದೇ ದಿನ ರಾಜೀನಾಮೆ ಕೊಟ್ಟರು. ಮರಳಿ ಬಂದ ವೀರರಲ್ಲಿ ಹೆಚ್ಚಿನವರ ಲೈಸೆನ್ಸ್ ಅವಧಿ ಮುಗಿದಿತ್ತು ಅನ್ನುವುದು ಆಮೇಲೆ ತಲಾಲ್ ಸಾಹೇಬರ ಗಮನಕ್ಕೆ ಬಂತು. ಹ್ಯಾಂಗರಿನಲ್ಲಿ ವಿಮಾನಗಳು ಸಾಲುಗಟ್ಟಿದವು. ಸೇನೆಯಿಂದ ಫೋನಿನ ಮೇಲೆ ಫೋನು. ನಾನೂ ಅಷ್ಟರಲ್ಲಿ ನಿವೃತ್ತಿ ಪಡೆದು ಪೆಟ್ಟಿಗೆ ಕಟ್ಟುತ್ತಿದ್ದೆ. ಒಂದು ಮಧ್ಯಾಹ್ನ ಸಾಹೇಬರು ನನಗೇ ಫೋನು ಮಾಡಿದರು. ದನಿಯಲ್ಲಿ ಜೇನು ಸುರಿಯುತ್ತಿತ್ತು.

“ಮೇಡಂ, ಹೆಸ್ಸಾ ನನ್ನ ಫೋನು ಎತ್ತುವುದಿಲ್ಲ. ನಿಮ್ಮ ಮಾತಾದರೆ ಕೇಳ್ತಾಳೆ. ವಾಪಸ್ ಬರಲಿಕ್ಕೆ ನೀವು ಒಂದು ಮಾತು ಹೇಳಬೇಕು.”

“ಕೇಳ್ತಾಳೆ ಸರ್” ಅಂದೆ. “ಹೋಗು ಅಂತ ನಾನೇ ಹೇಳಿದ್ದು.”